ಪುಂಡಿ ನಾರು: ಹಗ್ಗಕ್ಕೂ ಸೈ, ಗೋಡೆಗೂ ಸೈ

ನಮ್ಮ ಶಿರವಾಳದ ಕಡೆ ಪುಂಡಿಪಲ್ಯ ಉಣ್ಣದ ಮನಿ ಸಿಗುವುದು ಕಷ್ಟ. ಆದರೆ ಪುಂಡಿ ನಾರು ತೆಗೆಯುವವರು ಕಡಿಮೆ. ಅಂಗಡಿಯ ನೈಲಾನ್ ಹಗ್ಗ ಬಂದ ಮೇಲೆ ನಾನೂ ಬಿಟ್ಟಿದ್ದೆ. ಮತ್ತೆ ಹಿಡಿದದ್ದು ಗೋಡೆ ಸಲುವಾಗಿ.

ನಮ್ಮದು ಮಣ್ಣಿನ ಮನಿ. ಪಡುವಣ ಗೋಡೆಗೆ ಎರೆಮಣ್ಣಿನ ಗಿಲಾವು ಮಾಡಿದ್ದೆ, ಬೇಸಿಗೆಗೆ ಬೆರಳು ಹೋಗುವಷ್ಟು ಬಿರಿಯಿತು. ಸಾಲ ಮಾಡಿ ಸಿಮೆಂಟ್ ಹಾಕಿಸಿದೆ. ಎರಡು ಮಳೆಗಾಲಕ್ಕೆ ಹಪ್ಪಳದಂಗ ಎದ್ದು ಬಿತ್ತು. ಒಳಗಿನ ಮಣ್ಣು ನೀರು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಸಿಮೆಂಟ್ ಅದರ ಕೂಡ ಹೋಗುವುದಿಲ್ಲ.

ಮೂರನೇ ಸಲ ಮಸಾರಿ ಮಣ್ಣು ಎರಡು ಪುಟ್ಟಿ, ಮರಳು ಒಂದು ಪುಟ್ಟಿ, ಪುಟ್ಟಿಗೊಂದು ಬೊಗಸೆ ಪುಂಡಿ ನಾರು. ನಾರನ್ನು ಎರಡು ಇಂಚಿಗೆ ಕತ್ತರಿಸಬೇಕು, ಉದ್ದ ಬಿಟ್ಟರೆ ಗಂಟಾಗುತ್ತದೆ. ಮಣ್ಣು ಭಾರ ತಾಳುತ್ತದೆ, ಎಳೆತ ತಾಳುವುದಿಲ್ಲ. ಒಣಗಿ ಕುಗ್ಗುವಾಗ ಆ ಎಳೆತವನ್ನು ನಾರು ಹಿಡಿಯುತ್ತದೆ. ಬಿರುಕು ಬಂದರೂ ಕೂದಲೆಳೆಯಂಗ ಹಂಚಿಹೋಗುತ್ತದೆ. ತೊಗರಿಕಟ್ಟಿಗೆ ಪುಟ್ಟಿಗೆ ಸಗಣಿ ಬಳಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಿಮೆಂಟಿನಲ್ಲಿ ಮಾತ್ರ ಈ ನಾರು ಹಾಕಬ್ಯಾಡ್ರಿ. ಅದರ ಕ್ಷಾರ ನಾರನ್ನು ಬರಬರುತ್ತ ತಿಂದುಹಾಕುತ್ತದೆ.

ನಾರು ತೆಗೆಯುವುದೇ ದೊಡ್ಡ ಕೆಲಸ. ಹೂ ಬರುವಾಗ ಕೊಯ್ದು, ಕಟ್ಟು ಕಟ್ಟಿ, ಮೇಲೆ ಕಲ್ಲು ಹೇರಿ ನೀರಿನಲ್ಲಿ ಮುಳುಗಿಸಬೇಕು. ಹತ್ತು ದಿನದ ನಂತರ ದಿನಾ ಒಂದು ಕಡ್ಡಿ ಸುಲಿದು ನೋಡ್ರಿ. ಬುಡದ ಸಿಪ್ಪೆ ಸಲೀಸಾಗಿ ಬಂದರೆ ತೆಗೆದು ತೊಳೆಯಿರಿ. ನಾನೊಮ್ಮೆ ಬೀಗರ ಮದುವೆಗೆ ಹೋಗಿ ಇಪ್ಪತ್ತೈದು ದಿನ ಬಿಟ್ಟೆ, ನಾರು ಕೈಯಲ್ಲೇ ಮುರಿಯಿತು. ದನ ಕುಡಿಯುವ ಹೊಂಡದಲ್ಲಿ ನೆನೆಹಾಕಬಾರದು, ನೀರು ನಾರುತ್ತದೆ, ಮೀನು ಸಾಯುತ್ತವೆ. ಒಣಬೇಸಾಯದವರಿಗೆ ಬೇರೆ ನೀರೆಲ್ಲಿ ಅಂದರೆ, ನಾನು ಹೊಲದ ಬದುವಿನ ಗುಂಡಿಯಲ್ಲಿ ನಿಂತ ಮಳೆನೀರು ಬಳಸುತ್ತೇನೆ.

ಹೊರದೇಶದವರು ಪುಂಡಿಗೆ ಕೆನಾಫ್ ಅನ್ನುತ್ತಾರೆ. ಜಪಾನಿನ ಟೊಯೊಟಾ ಕಂಪನಿ 2003ರಲ್ಲಿ ರೌಮ್ ಎಂಬ ಕಾರಿನ ಹೆಚ್ಚುವರಿ ಗಾಲಿಯ ಮುಚ್ಚಳವನ್ನು ಈ ನಾರು ಮತ್ತು ಸಸ್ಯದಿಂದ ಮಾಡಿದ ಪ್ಲಾಸ್ಟಿಕ್ ಸೇರಿಸಿ ಮಾಡಿತು. ಅಲ್ಲಿಯೂ ನಾರು ಪೂರಾ ಒಣಗಿರಬೇಕು, ಹಸಿ ಇದ್ದರೆ ಪ್ಲಾಸ್ಟಿಕ್ ಅಂಟುವುದಿಲ್ಲ. 200 ಡಿಗ್ರಿ ದಾಟಿದರೆ ನಾರು ಕರಕಲಾಗುತ್ತದೆ, ಅದಕ್ಕೇ ಕಡಿಮೆ ಕಾವಿಗೆ ಕರಗುವ ಪ್ಲಾಸ್ಟಿಕ್ಕೇ ಬೇಕು. ಇದನ್ನು ಓದಿ ಎಕರೆಗಟ್ಟಲೆ ಬಿತ್ತಬ್ಯಾಡ್ರಿ. ಕೊಳ್ಳುವವರು ಸಿಕ್ಕ ಮೇಲೆ ಬಿತ್ತಿದರಾಯಿತು.

ಗೋಡೆ ಈಗ ನಾಲ್ಕು ಮಳೆಗಾಲ ಕಂಡಿದೆ. ಹನಿ ಸಿಡಿಯುವ ಬುಡಕ್ಕೆ ಮಾತ್ರ ವರ್ಷಾ ಮೆತ್ತಬೇಕು.

ಜಗಳ ಇರುವುದು ಪಲ್ಯದ್ದು. ಕುಡಿ ಚಿವುಟಿದರೆ ಗಿಡ ಕವಲೊಡೆದು ನಾರು ಗಿಡ್ಡಾಗುತ್ತದೆ. ನಾರಿಗೆ ಒತ್ತಾಗಿ ಬಿತ್ತಿ, ಚಿವುಟದೆ ಬಿಡಬೇಕು. "ಹಂಗಾದ್ರ ಪಲ್ಯಕ್ಕ ಏನ್ ಮಾಡ್ಲಿರೀ?" ಅಂದಳು ಮನೆಯಾಕಿ. ಈ ವರ್ಷ ತೊಗರಿಯಲ್ಲಿ ಎರಡು ಸಾಲು ನಾರಿಗೆ, ಒಂದು ಸಾಲು ಆಕೆಗೆ.