ಗಾಡಿ ಹೀಟಾದರೆ ಥರ್ಮೋಸ್ಟಾಟ್ ತೆಗೆದುಹಾಕಬೇಕೇ?



ಸಂಘದ ಸಾಲದಿಂದ ಸಣ್ಣ ಗೂಡ್ಸ್ ಗಾಡಿ ಕೊಂಡ ಕುಟುಂಬಗಳು ನಮ್ಮಲ್ಲಿವೆ. ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ, ಶಿಡ್ಲಘಟ್ಟಕ್ಕೆ ರೇಷ್ಮೆಗೂಡು, ಚಿಕ್ಕಬಳ್ಳಾಪುರಕ್ಕೆ ಹೂವು ಸಾಗಿಸಿ ಬಂದ ಬಾಡಿಗೆಯಲ್ಲೇ ಕಂತು ಕಟ್ಟಬೇಕು. ಏಪ್ರಿಲ್ ಬಿಸಿಲಲ್ಲಿ ಲೋಡು ಹೊತ್ತ ಗಾಡಿ ಹೀಟಾಗಿ ನಿಂತರೆ ಬಾಡಿಗೆಯೂ ಹೋಯಿತು, ಮಾಲೂ ಬಾಡಿತು. ಆಗ ಯಾರಾದರೊಬ್ಬರು ಹೇಳುತ್ತಾರೆ: "ನಮ್ಮೂರ ಬಿಸಿಲಿಗೆ ಥರ್ಮೋಸ್ಟಾಟ್ ಯಾಕಕ್ಕಾ? ತೆಗೆದು ಬಿಸಾಕಿ, ಹೀಟೇ ಆಗಲ್ಲ." ಖರ್ಚಿಲ್ಲದ ರಿಪೇರಿ ಅಂತ ನಾವೂ ಒಪ್ಪಿಬಿಡುತ್ತೇವೆ.

ಎಂಜಿನ್ ಸುತ್ತ ಹರಿದು ಬಿಸಿಯಾದ ನೀರು ರೇಡಿಯೇಟರಿಗೆ ಬಂದು ತಣ್ಣಗಾಗಿ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಈ ದಾರಿಯಲ್ಲಿರುವ ಪುಟ್ಟ ಬಾಗಿಲೇ ಥರ್ಮೋಸ್ಟಾಟ್. ಅದರೊಳಗೆ ಮೇಣವಿದೆ. ನೀರು ಸುಮಾರು 80ರಿಂದ 90 ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ಮುಚ್ಚಿದ್ದು ಎಂಜಿನ್ನನ್ನು ಬೇಗ ಬಿಸಿ ಮಾಡುತ್ತದೆ.

ಬಿಸಿ ಯಾಕೆ ಬೇಕು? ಕಾಯದ ಹೆಂಚಿನ ಮೇಲೆ ದೋಸೆ ಹುಯ್ದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿನ ಆಯಿಲಿಗೆ ಸೇರುತ್ತದೆ. ಮೈಲೇಜು ಇಳಿಯುತ್ತದೆ, ಒಳಭಾಗ ಬೇಗ ಸವೆಯುತ್ತದೆ. ಡಿಸೆಂಬರಿನ ಬೆಳಗಿನ ಜಾವ ಹೊರಡುವ ಗಾಡಿಗಂತೂ ನಷ್ಟ ಹೆಚ್ಚು. ಇನ್ನೊಂದು ಮಾತಿದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಪಕ್ಕದ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತಿ, ಗಾಡಿ ಇನ್ನೂ ಹೆಚ್ಚು ಹೀಟಾಗುತ್ತದೆ!

ಹಾಗಾದರೆ ಹೀಟಾಗುವುದು ಯಾಕೆ? ನಮ್ಮ ಕಡೆ ಮೊದಲು ಅನುಮಾನಿಸಬೇಕಾದ್ದು ಬೋರ್‌ವೆಲ್ ನೀರನ್ನು. ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆ ಸಾವಿರ ಅಡಿ ದಾಟಿದ ಬೋರ್‌ಗಳಿವೆ, ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬಹುದು, ಇದನ್ನು ತಿಕ್ಕುವವರು ಯಾರು? ಆದ್ದರಿಂದ ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ, ಹೇಳಿದ ಅಳತೆಯಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿಸಿ. ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ಮಕ್ಕಳಿಗೂ ನಾಯಿಗೂ ಸಿಗದಂತೆ ಇಡಿ.

ಬೆಲ್ಟ್ ಸಡಿಲವಾಗಿರಬಹುದು, ಫ್ಯಾನ್ ತಿರುಗದಿರಬಹುದು, ಪೈಪು ಸೋರಬಹುದು, ರೇಡಿಯೇಟರಿನ ಮುಂದೆ ಮಣ್ಣು, ಹುಲ್ಲು ಮೆತ್ತಿರಬಹುದು. ಇವನ್ನು ಕಣ್ಣಿಂದಲೇ ನೋಡಬಹುದು. ಆಯಿಲು ಹಾಲು ಬೆರೆತ ಕಾಫಿಯಂತೆ ಕಂಡರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.

ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೆಟ್ಟು ಗಾಡಿ ಹೀಟಾಗುವುದೂ ಉಂಟು. ಬಿಚ್ಚಿಸಿದಾಗ ಮನೆಯಲ್ಲೇ ಪರೀಕ್ಷಿಸಿ. ಅಡುಗೆಗೆ ಮತ್ತೆ ಬಳಸದ ಹಳೇ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ನೀರು ಮರಳುವ ಹೊತ್ತಿಗೆ ಬಾಗಿಲು ತೆರೆದಿರಬೇಕು, ತಣ್ಣಗಾದಾಗ ಮುಚ್ಚಬೇಕು. ಹಾಗಾಗದಿದ್ದರೆ ಅದೇ ಡಿಗ್ರಿಯ ಹೊಸದನ್ನು ಹಾಕಿಸಿ. ಹೆಡ್ ರಿಪೇರಿಯ ಬಿಲ್ಲಿನ ಮುಂದೆ ಇದರ ಬೆಲೆ ಏನೂ ಅಲ್ಲ.

ದಾರಿಯಲ್ಲಿ ಹೀಟಾದರೆ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ರೇಡಿಯೇಟರಿನ ಮುಚ್ಚಳ ಕುಕ್ಕರಿನ ಮುಚ್ಚಳ ಇದ್ದ ಹಾಗೆ. ಪ್ರೆಷರ್ ಇರುವಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ, ಮುಟ್ಟಿದರೆ ಬಿಸಿ ಇದ್ದರೆ ಇನ್ನೂ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದ ಸಾಲದ ಗಾಡಿಗಳಲ್ಲಿ ಥರ್ಮೋಸ್ಟಾಟ್ ಇದೆಯೇ, ತೆಗೆಸಿದ್ದಾರೆಯೇ? ರೇಡಿಯೇಟರಿಗೆ ಯಾವ ನೀರು ಹಾಕುತ್ತಿದ್ದಾರೆ?