ವಿನ್ಯಾಸದ ಮುನ್ನಡೆ ಎಷ್ಟು ಕಾಲ? ಮ್ಯಾಕ್‌ಬುಕ್ ನೀಡುವ ಪಾಠ

ಒಂದು ವಸ್ತು ತನ್ನ ವರ್ಗದ ಇತರ ವಸ್ತುಗಳಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗಬೇಕಾದರೆ ಗ್ರಾಹಕನಿಗೆ ಅದಕ್ಕೊಂದು ಕಾರಣ ಕಾಣಬೇಕು. ಅಂತಹ ಕಾರಣಗಳಲ್ಲಿ ವಿನ್ಯಾಸ ಮುಖ್ಯವಾದುದು. ಆದರೆ ವಿನ್ಯಾಸದಿಂದ ದೊರೆತ ಮುನ್ನಡೆ ಎಷ್ಟು ವರ್ಷ ಉಳಿಯುತ್ತದೆ, ಅದನ್ನು ಉಳಿಸಿಕೊಳ್ಳಲು ಹಣವನ್ನು ಎಲ್ಲಿ ತೊಡಗಿಸಬೇಕು ಎಂಬ ಪ್ರಶ್ನೆಗಳು ಬೃಹತ್ ಕಂಪನಿಗೂ ಹತ್ತು ಕಾರ್ಮಿಕರ ಕಾರ್ಖಾನೆಗೂ ಸಮಾನವಾದವು. ಇವನ್ನು ಪರಿಶೀಲಿಸಲು ಅಮೆರಿಕದ ಆ್ಯಪಲ್ ಕಂಪನಿಯ ಮ್ಯಾಕ್‌ಬುಕ್ ಶ್ರೇಣಿಯ ಲ್ಯಾಪ್‌ಟಾಪ್‌ಗಳು ಉತ್ತಮ ನಿದರ್ಶನವಾಗಿವೆ. ಈ ಶ್ರೇಣಿ ವಿನ್ಯಾಸದಲ್ಲಿ ಇಂದಿಗೂ ಸ್ಪರ್ಧಿಗಳಿಗಿಂತ ಮುಂದಿದೆಯೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರ ಮಾಡಲಾಗಿದೆ.

1. ಹೊರರೂಪದ ಮುನ್ನಡೆ

2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಅವರು ಕಾಗದದ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ಅನ್ನು ಹೊರತೆಗೆದು ಸಭಿಕರಿಗೆ ತೋರಿಸಿದರು. ಅದರ ತೂಕ 1.36 ಕಿಲೋಗ್ರಾಂ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್‌ಬುಕ್ ಪ್ರೊ ಯಂತ್ರದ ಕವಚವನ್ನು ಹಲವು ತಗಡುಗಳನ್ನು ಜೋಡಿಸಿ ಮಾಡಿರಲಿಲ್ಲ. ಒಂದೇ ಅಲ್ಯೂಮಿನಿಯಂ ಗಟ್ಟಿಯನ್ನು ಸಿಎನ್‌ಸಿ ಯಂತ್ರಗಳಲ್ಲಿ ಕೊರೆದು ರೂಪಿಸಲಾಗಿತ್ತು. ಬಿಡಿಭಾಗಗಳು ಕಡಿಮೆಯಾದವು, ಬಿಗಿತ ಹೆಚ್ಚಿತು.

ಈ ಮುನ್ನಡೆ ಬಹುಕಾಲ ಬಾಳಲಿಲ್ಲ. 2011ರಲ್ಲಿ ಇಂಟೆಲ್ ಕಂಪನಿಯು ಅಲ್ಟ್ರಾಬುಕ್ ಎಂಬ ತೆಳು ಯಂತ್ರಗಳ ವರ್ಗವನ್ನು ಪ್ರಚುರಪಡಿಸಿ, ಅದರ ಅಭಿವೃದ್ಧಿಗಾಗಿ 30 ಕೋಟಿ ಡಾಲರ್‌ಗಳ ನಿಧಿಯನ್ನು ಘೋಷಿಸಿತು. ಅದೇ ವರ್ಷ ಆಸುಸ್ ಕಂಪನಿಯ ಜೆನ್‌ಬುಕ್ ತೆಳ್ಳನೆಯ ಅಲ್ಯೂಮಿನಿಯಂ ದೇಹದೊಂದಿಗೆ ಮಾರುಕಟ್ಟೆಗೆ ಬಂದಿತು. 2015ರ ಡೆಲ್ ಎಕ್ಸ್‌ಪಿಎಸ್ 13 ಯಂತ್ರವು ಪರದೆಯ ಸುತ್ತಲಿನ ಅಂಚನ್ನು ಬಹಳಷ್ಟು ಕಿರಿದುಗೊಳಿಸಿ, ಈ ಒಂದು ಅಂಶದಲ್ಲಿ ಆ್ಯಪಲ್ ಅನ್ನೇ ಹಿಂದಿಕ್ಕಿತು. ಕಣ್ಣಿಗೆ ಕಾಣುವುದನ್ನು ಸ್ಪರ್ಧಿಯ ಕಣ್ಣೂ ಕಾಣುತ್ತದೆ. ಯಂತ್ರವನ್ನು ಕೊಳ್ಳುವ ಶಕ್ತಿಯಿದ್ದರೆ ಆಕಾರವನ್ನು ಸರಿಗಟ್ಟುವುದು ಅಸಾಧ್ಯವೇನಲ್ಲ.

2. ಎರಡೂವರೆ ಮಿಲಿಮೀಟರಿನ ವೆಚ್ಚ

ಸ್ಪರ್ಧಿಗಳು ಸಮೀಪಿಸಿದಾಗ ಆ್ಯಪಲ್ ಇನ್ನಷ್ಟು ತೆಳುವಾಗುವ ದಾರಿಯನ್ನು ಹಿಡಿಯಿತು. 15 ಇಂಚಿನ ಮ್ಯಾಕ್‌ಬುಕ್ ಪ್ರೊ 2016ರಲ್ಲಿ 1.8 ಸೆಂಟಿಮೀಟರಿನಿಂದ 1.55 ಸೆಂಟಿಮೀಟರಿಗೆ ಇಳಿಯಿತು. ಇದಕ್ಕೆ ತೆತ್ತ ಬೆಲೆ ಅಲ್ಪವಾಗಿರಲಿಲ್ಲ. ಎಚ್‌ಡಿಎಂಐ ಕಿಂಡಿ, ಕ್ಯಾಮೆರಾ ಕಾರ್ಡಿನ ಕಿಂಡಿ, ಸಾಮಾನ್ಯ ಯುಎಸ್‌ಬಿ ಕಿಂಡಿ, ಎಡವಿದರೆ ತಾನಾಗಿ ಕಳಚಿಕೊಳ್ಳುತ್ತಿದ್ದ ಅಯಸ್ಕಾಂತದ ಚಾರ್ಜರ್ ಇವೆಲ್ಲವೂ ಮರೆಯಾದವು. 2015ರ 12 ಇಂಚಿನ ಮಾದರಿಯಲ್ಲಿ ಮೊದಲು ಬಂದಿದ್ದ, ಅತ್ಯಂತ ಕಡಿಮೆ ಒತ್ತುವಿಕೆಯ ಚಿಟ್ಟೆ ಮಾದರಿಯ ಕೀಲಿಮಣೆಯನ್ನು ಪ್ರೊ ಶ್ರೇಣಿಗೂ ಅಳವಡಿಸಲಾಯಿತು.

ಆ ಕೀಲಿಮಣೆಯೊಳಕ್ಕೆ ಧೂಳಿನ ಕಣ ಸೇರಿದರೂ ಅಕ್ಷರ ಮೂಡದಿರುವುದು, ಒಂದರ ಬದಲು ಎರಡು ಮೂಡುವುದು ಮುಂತಾದ ದೂರುಗಳು ಬಂದವು. ಕೀಲಿಮಣೆಯೊಂದನ್ನೇ ಬದಲಿಸಲು ಆಗದೆ, ಬ್ಯಾಟರಿ ಅಂಟಿಕೊಂಡಿದ್ದ ಮೇಲ್ಭಾಗದ ಜೋಡಣೆಯನ್ನೇ ಬದಲಿಸಬೇಕಾಗುತ್ತಿತ್ತು. 2018ರ ಜೂನ್‌ನಲ್ಲಿ ಆ್ಯಪಲ್, ಮೊದಲ ಮಾರಾಟದಿಂದ ನಾಲ್ಕು ವರ್ಷಗಳವರೆಗೆ ಉಚಿತ ದುರಸ್ತಿಯ ಯೋಜನೆಯನ್ನು ಪ್ರಕಟಿಸಿತು. 2019ರ ನವೆಂಬರ್‌ನಲ್ಲಿ ಬಂದ 16 ಇಂಚಿನ ಮಾದರಿಯಲ್ಲಿ ಹಳೆಯ ಕತ್ತರಿ ಮಾದರಿಯ ಕೀಲಿಮಣೆಗೆ ಮರಳಿತು. 2022ರಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, ಗ್ರಾಹಕರ ಸಾಮೂಹಿಕ ದಾವೆಯನ್ನು 5 ಕೋಟಿ ಡಾಲರ್‌ಗಳಿಗೆ ರಾಜಿ ಮಾಡಿಕೊಂಡಿತು.

ಇದಕ್ಕೂ ಮುನ್ನ 2021ರ ಅಕ್ಟೋಬರ್‌ನಲ್ಲಿ ಹೊಸ ಮ್ಯಾಕ್‌ಬುಕ್ ಪ್ರೊ ಬಂದಾಗ ಎಚ್‌ಡಿಎಂಐ, ಕಾರ್ಡಿನ ಕಿಂಡಿ, ಅಯಸ್ಕಾಂತದ ಚಾರ್ಜರ್ ಹಿಂದಿರುಗಿದ್ದವು. 16 ಇಂಚಿನ ಯಂತ್ರದ ದಪ್ಪ 1.62ರಿಂದ 1.68 ಸೆಂಟಿಮೀಟರಿಗೆ ಏರಿತ್ತು. ಗ್ರಾಹಕನ ಅನುಕೂಲಕ್ಕಾಗಿ ತನ್ನ ಹೆಮ್ಮೆಯ ಅಳತೆಯನ್ನೇ ಸಡಿಲಿಸಿದ ಈ ನಿರ್ಧಾರವನ್ನು ವಿನ್ಯಾಸದ ಪ್ರೌಢಿಮೆ ಎಂದೇ ಪರಿಗಣಿಸಬೇಕು.

3. ಕಾಣದ ವಿನ್ಯಾಸ

2008ರಲ್ಲಿಯೇ ಆ್ಯಪಲ್ ಹೆಚ್ಚು ಸದ್ದಿಲ್ಲದೆ ಮತ್ತೊಂದು ಹೂಡಿಕೆಯನ್ನು ಮಾಡಿತ್ತು. ಪಿ.ಎ. ಸೆಮಿ ಎಂಬ ಚಿಪ್ ವಿನ್ಯಾಸ ಸಂಸ್ಥೆಯನ್ನು ಸುಮಾರು 27.8 ಕೋಟಿ ಡಾಲರ್‌ಗಳಿಗೆ ಕೊಂಡಿತ್ತು. ಸ್ವಂತ ಚಿಪ್‌ಗಳು ಮೊದಲು ಫೋನುಗಳಲ್ಲಿ ಪಳಗಿದವು. ಲ್ಯಾಪ್‌ಟಾಪ್‌ನಲ್ಲಿ ಎಂ1 ಎಂಬ ಸ್ವಂತ ಚಿಪ್ ಬಂದದ್ದು 2020ರ ನವೆಂಬರ್‌ನಲ್ಲಿ, ಅಂದರೆ ಹನ್ನೆರಡು ವರ್ಷಗಳ ನಂತರ.

ಎಂ1 ಅಳವಡಿಸಿದ ಮ್ಯಾಕ್‌ಬುಕ್ ಏರ್ ಹೊರನೋಟಕ್ಕೆ ಅದೇ ವರ್ಷದ ಇಂಟೆಲ್ ಚಿಪ್ಪಿನ ಏರ್‌ನಂತೆಯೇ ಇತ್ತು ಎಂಬುದು ಗಮನಾರ್ಹ. ಆದರೆ ಒಳಗೆ ಫ್ಯಾನ್ ಇರಲಿಲ್ಲ, ಸದ್ದಿರಲಿಲ್ಲ; ಒಂದು ಚಾರ್ಜಿನಲ್ಲಿ 18 ಗಂಟೆಗಳವರೆಗೆ ವಿಡಿಯೋ ನೋಡಬಹುದೆಂದು ಕಂಪನಿ ಘೋಷಿಸಿತು. ಶ್ರೇಣಿಯ ಅತಿ ದೊಡ್ಡ ಮುನ್ನಡೆ ಬಂದದ್ದು ಹೊರರೂಪ ಕಿಂಚಿತ್ತೂ ಬದಲಾಗದ ವರ್ಷದಲ್ಲಿ.

ಸ್ಪರ್ಧಿಗಳ ಸಮರ್ಥ ಉತ್ತರ ಬಂದದ್ದು 2024ರಲ್ಲಿ. ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಎಲೀಟ್ ಚಿಪ್ ಮೈಕ್ರೋಸಾಫ್ಟ್, ಡೆಲ್, ಲೆನೊವೊ ಯಂತ್ರಗಳಲ್ಲಿ ಬಂದಿತು. ಇಂಟೆಲ್ ಸಹ ಮೆಮೊರಿಯನ್ನು ಚಿಪ್ಪಿನೊಂದಿಗೇ ಕೂಡಿಸಿದ ಹೊಸ ಮಾದರಿಯನ್ನು ತಂದಿತು. ಕ್ವಾಲ್‌ಕಾಮ್ ಇದಕ್ಕಾಗಿ 2021ರಲ್ಲಿ ಸುಮಾರು 140 ಕೋಟಿ ಡಾಲರ್ ತೆತ್ತು ನುವಿಯಾ ಎಂಬ ಸಂಸ್ಥೆಯನ್ನು ಕೊಂಡಿತ್ತು. ಆ ಸಂಸ್ಥೆಯನ್ನು ಸ್ಥಾಪಿಸಿದ್ದವರು ಆ್ಯಪಲ್‌ನಲ್ಲಿ ಚಿಪ್ ವಿನ್ಯಾಸ ಮಾಡುತ್ತಿದ್ದ ಎಂಜಿನಿಯರುಗಳೇ. ನುರಿತ ಕೆಲಸಗಾರ ಹೊರನಡೆದರೆ ಅವನೊಂದಿಗೆ ಕಾರ್ಖಾನೆಯ ಗುಟ್ಟೂ ಹೊರನಡೆಯುತ್ತದೆ ಎಂಬುದು ನಮ್ಮ ಡೈ ತಯಾರಕರು ಬಲ್ಲ ಸಂಗತಿ.

4. ತೀರ್ಮಾನ

ಹೊರರೂಪ, ತೂಕ, ಪರದೆಗಳಲ್ಲಿ ಮ್ಯಾಕ್‌ಬುಕ್ ಇಂದು ಸಮಾನರಲ್ಲಿ ಒಂದು. ದುರಸ್ತಿಯ ಸೌಲಭ್ಯದಲ್ಲಿ ಅದು ಹಿಂದಿದೆ. 2021ರಿಂದ ಮಾರಾಟದಲ್ಲಿರುವ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್‌ನಲ್ಲಿ ಗ್ರಾಹಕನೇ ಬಿಡಿಭಾಗಗಳನ್ನು ಬದಲಿಸಬಹುದು. ಚಿಪ್, ತಂತ್ರಾಂಶ ಹಾಗೂ ಬ್ಯಾಟರಿಗಳ ಹೊಂದಾಣಿಕೆಯಲ್ಲಿ ಮುನ್ನಡೆ ಉಳಿದಿದೆ, ಆದರೆ 2020ರಷ್ಟು ಅಂತರ ಈಗಿಲ್ಲ. ಮುನ್ನಡೆಯನ್ನು ವರ್ಷಗಳಲ್ಲಿ ಮಾತ್ರವಲ್ಲದೆ, ಅದನ್ನು ಸರಿಗಟ್ಟಲು ಸ್ಪರ್ಧಿಯು ತೆರಬೇಕಾದ ಹಣದಲ್ಲಿಯೂ ಅಳೆಯಬೇಕು. ಆ ಅಳತೆಯಲ್ಲಿ ಒಳಗಿನ ವಿನ್ಯಾಸವೇ ಬೆಲೆಯುಳ್ಳದ್ದು.

5. ಸದಸ್ಯರ ಗಮನಕ್ಕೆ

ಕೊಳ್ಳುವವರು ಗಮನಿಸಬೇಕಾದ ಅಂಶಗಳು ಕೆಲವೇ. ಈ ಯಂತ್ರಗಳಲ್ಲಿ ಮೆಮೊರಿಯನ್ನು ನಂತರ ಹೆಚ್ಚಿಸಲಾಗದು; ಬೇಕಾದಷ್ಟನ್ನು ಕೊಳ್ಳುವಾಗಲೇ ನಿರ್ಧರಿಸಬೇಕು. ಬೆಂಗಳೂರಿನ ಸಂಸ್ಥೆಯದೇ ಆದ ಟ್ಯಾಲಿ ತಂತ್ರಾಂಶವು ವಿಂಡೋಸ್‌ಗಾಗಿ ರಚಿತವಾದುದರಿಂದ ಲೆಕ್ಕಪತ್ರ ವಿಭಾಗಕ್ಕೆ ವಿಂಡೋಸ್ ಯಂತ್ರವೇ ಸೂಕ್ತ. ಕಂಪನಿ ಕಾಯ್ದೆ 2013ರ ಎರಡನೇ ಅನುಸೂಚಿಯು ಲ್ಯಾಪ್‌ಟಾಪ್‌ನ ಉಪಯುಕ್ತ ಆಯುಸ್ಸನ್ನು ಮೂರು ವರ್ಷವೆಂದು ಹೇಳುತ್ತದೆ. ಅಧಿಕ ಬೆಲೆಯನ್ನು ಆ ಅವಧಿಯ ದುಡಿಮೆಯೊಂದಿಗೆ ತೂಗಿ ನೋಡಬೇಕು.

ತಯಾರಕರಿಗೆ ಮೂರು ವಿಷಯಗಳು ಮುಖ್ಯ. ಮೊದಲನೆಯದು ಕಾನೂನಿನ ರಕ್ಷಣೆ. ವಿನ್ಯಾಸ ಕಾಯ್ದೆ 2000ರ ಅಡಿ ನೋಂದಣಿಯಾದ ವಿನ್ಯಾಸಕ್ಕೆ ಹತ್ತು ವರ್ಷ, ವಿಸ್ತರಿಸಿದರೆ ಇನ್ನೂ ಐದು ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ಅದು ಕಣ್ಣಿಗೆ ಕಾಣುವ ರೂಪಕ್ಕೆ ಮಾತ್ರ. ಕಾರ್ಯವಿಧಾನದ ಹೊಸತನಕ್ಕೆ ಇಪ್ಪತ್ತು ವರ್ಷಗಳ ಪೇಟೆಂಟನ್ನೇ ಕೋರಬೇಕು. ಅರ್ಜಿಗೆ ಮುನ್ನವೇ ವಸ್ತುವನ್ನು ಮಾರುಕಟ್ಟೆಯಲ್ಲಿ ತೋರಿಸಿದರೆ ಹೊಸತನದ ಹಕ್ಕು ಕೈತಪ್ಪುವ ಸಂಭವವುಂಟು.

ಎರಡನೆಯದು ಹೊಣೆ. ಲೆಕ್ಕಪತ್ರ ಮಾನಕ 29ರ ಪ್ರಕಾರ, ವಾರಂಟಿಯೊಂದಿಗೆ ಮಾರಿದ ಸರಕಿಗೆ ಬರಬಹುದಾದ ದುರಸ್ತಿ ವೆಚ್ಚವನ್ನು ಅಂದಾಜಿಸಿ ಮಾರಾಟದ ವರ್ಷದಲ್ಲಿಯೇ ಅವಕಾಶ ಕಲ್ಪಿಸಬೇಕು. ಹೊಸ ಮಾದರಿಯ ಬೆಲೆಯನ್ನು ನಿಗದಿಪಡಿಸುವ ಮುನ್ನವೇ ಈ ಅಂದಾಜನ್ನು ಮಾಡಿದರೆ, ನೋಟಕ್ಕಾಗಿ ಉಳಿಸಿದ ಎರಡೂವರೆ ಮಿಲಿಮೀಟರಿನ ನಿಜವಾದ ವೆಚ್ಚ ತಿಳಿದೀತು.

ಮೂರನೆಯದು ತಾಳ್ಮೆ. ಲೆಕ್ಕಪತ್ರ ಮಾನಕ 26ರ ಅನ್ವಯ ಸಂಶೋಧನೆಯ ವೆಚ್ಚವನ್ನು ಆಯಾ ವರ್ಷದ ಖರ್ಚಾಗಿಯೇ ತೋರಿಸಬೇಕು. ಆದ್ದರಿಂದ ಕುಶಲ ಕೆಲಸಗಾರರ ತರಬೇತಿ ಮತ್ತು ಪ್ರಯೋಗಗಳಿಗೆ ಮಾಡಿದ ವೆಚ್ಚದ ಬಹುಪಾಲು ಲಾಭವನ್ನು ತಗ್ಗಿಸಿದಂತೆ ಕಾಣುತ್ತದೆ; ಗಳಿಸಿದ ಜ್ಞಾನ ಅಢಾವೆ ಪತ್ರಿಕೆಯಲ್ಲಿ ಕಾಣುವುದೇ ಇಲ್ಲ. ಲಾಭ ಕುಗ್ಗಿದ ವರ್ಷ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಹೊರಗಿನ ಬಣ್ಣ ಹಾಗೂ ಪೊಟ್ಟಣಕ್ಕೆ ಹಣ ಹಾಕುವ ಮುನ್ನ, ಸ್ಪರ್ಧಿಯು ತಮ್ಮ ಸರಕನ್ನು ಬಿಚ್ಚಿ ನೋಡಿದರೂ ಸುಲಭವಾಗಿ ಮಾಡಲಾಗದ್ದು ತಮ್ಮಲ್ಲಿ ಯಾವುದಿದೆ ಎಂದು ಉದ್ಯಮಿಗಳು ಪಟ್ಟಿ ಮಾಡಿಕೊಳ್ಳುವುದು ಒಳಿತು. ಮುಂದಿನ ವರ್ಷದ ಆಯವ್ಯಯದಲ್ಲಿ ಮೊದಲ ಪಾಲು ಆ ಪಟ್ಟಿಗೆ ಸಲ್ಲಬೇಕು.