ಮರೆತ ಲೇಖಕಿಯರನ್ನು ಹುಡುಕುವವರಿಗೆ: ಸ್ಕಾಟ್ಲೆಂಡ್ ಕಲಿಸಿದ ಪಾಠಗಳು

ಇಪ್ಪತ್ತನೇ ಶತಮಾನದ ಮೊದಲ ಅರ್ಧದ ಸ್ಕಾಟಿಷ್ ಸಾಹಿತ್ಯ ಎಂದರೆ ಹ್ಯೂ ಮ್ಯಾಕ್‌ಡಿಯರ್ಮಿಡ್, ಲೂಯಿಸ್ ಗ್ರಾಸಿಕ್ ಗಿಬ್ಬನ್, ಎಡ್ವಿನ್ ಮ್ಯೂರ್ ಎಂದು ಹೇಳಿ ಮುಗಿಸುವ ರೂಢಿ ಬಹುಕಾಲ ಇತ್ತು. ಅದೇ ಕಾಲದ ಲೇಖಕಿಯರ ಬೆನ್ನು ಹತ್ತಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಬರಹ ಸಪ್ಪೆಯಾಗಿತ್ತೆಂದು ಮರೆಯಾದವರು ಇವರಲ್ಲಿ ತೀರ ಕಡಿಮೆ. ಹೆಸರು, ಅಚ್ಚು, ಗ್ರಂಥಾಲಯದ ಪಟ್ಟಿ, ಪಠ್ಯಕ್ರಮ, ಇವುಗಳ ನಡುವೆ ಎಲ್ಲೋ ಜಾರಿದವರೇ ಹೆಚ್ಚು. ಎಲ್ಲಿ ಜಾರಿದರೋ ಅಲ್ಲೇ ಹುಡುಕಬೇಕು.

1. ಒಬ್ಬ ಲೇಖಕಿಯ ಎಲ್ಲ ಹೆಸರುಗಳನ್ನೂ ಮೊದಲು ಬರೆದಿಟ್ಟುಕೊಳ್ಳಿ. ಇನ್ವರ್ನೆಸ್‌ನ ಎಲಿಜಬೆತ್ ಮ್ಯಾಕಿಂಟಾಷ್ (1896–1952) ನಾಟಕಗಳನ್ನು ಬರೆದದ್ದು ಗಾರ್ಡನ್ ಡೇವಿಯಟ್ ಎಂಬ ಗಂಡಸಿನ ಹೆಸರಿನಲ್ಲಿ. ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್‌ನ ಮೇಲೆ ಅವರು ಬರೆದ ‘ರಿಚರ್ಡ್ ಆಫ್ ಬೋರ್ಡೊ’ 1933ರಲ್ಲಿ ಲಂಡನ್ನಿನ ನ್ಯೂ ಥಿಯೇಟರ್‌ನಲ್ಲಿ ವರ್ಷಕ್ಕೂ ಮೀರಿ ಓಡಿತು. ಜಾನ್ ಗೀಲ್‌ಗುಡ್ ಜನಪ್ರಿಯ ತಾರೆಯಾದದ್ದು ಅದರಿಂದಲೇ. ಪತ್ತೇದಾರಿ ಓದುಗರಿಗೆ ಇದೇ ಹೆಂಗಸು ಜೋಸೆಫೀನ್ ಟೇ, ಇನ್ನೊಬ್ಬ ದೊರೆಯ ಕುರಿತ ‘ದಿ ಡಾಟರ್ ಆಫ್ ಟೈಮ್’ನ ಕರ್ತೃ. ಒಂದು ಪುಸ್ತಕ ಪತ್ತೇದಾರಿ ಕಪಾಟಿನಲ್ಲಿ, ಇನ್ನೊಂದು ನಾಟಕದ ಕಪಾಟಿನಲ್ಲಿ ಉಳಿದುಬಿಟ್ಟರೆ, ಚರಿತ್ರೆ ಕೆಟ್ಟ ಹೆಸರು ಕೊಟ್ಟ ದೊರೆಗಳ ಪರವಾಗಿ ಮರುವಿಚಾರಣೆ ಕೇಳುವ ಒಂದೇ ಮನಸ್ಸು ಎರಡರಲ್ಲೂ ಕೆಲಸ ಮಾಡಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

2. ನಾಟಕ ಅಚ್ಚಾಗಿಲ್ಲವೆಂದರೆ ಕಳೆದುಹೋಯಿತು ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 1968ರವರೆಗೆ ಸಾರ್ವಜನಿಕವಾಗಿ ಆಡುವ ಹೊಸ ನಾಟಕಕ್ಕೆ ಲಾರ್ಡ್ ಚೇಂಬರ್ಲಿನ್‌ರ ಕಚೇರಿಯ ಪರವಾನಗಿ ಬೇಕಿತ್ತು. ಅದಕ್ಕಾಗಿ ಸಲ್ಲಿಸಿದ ಪ್ರತಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕತ್ತರಿ ಹಾಕಲು ಹುಟ್ಟಿದ ಸೆನ್ಸಾರ್ ಕಚೇರಿಯೇ ಇಷ್ಟೊಂದು ನಾಟಕಗಳನ್ನು ಕಾಪಾಡಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಸ್ಕಾಟಿಷ್ ಥಿಯೇಟರ್ ಆರ್ಕೈವ್‌ನಲ್ಲಿ ಕಾರ್ಯಕ್ರಮ ಪಟ್ಟಿಗಳು, ಫೋಟೋಗಳು, ರಂಗಪ್ರತಿಗಳು ಇವೆ. ಆಡಿಸಿದವರು ಪೆನ್ಸಿಲ್‌ನಲ್ಲಿ ಹಾಕಿದ ಗುರುತುಗಳನ್ನು ದಾಟಿಹೋಗಬೇಡಿ. ಹಲವು ಸಲ ನಾಟಕ ನಿಜವಾಗಿ ಹೇಗೆ ನಡೆಯಿತೆಂದು ತಿಳಿಯುವುದು ಅವುಗಳಿಂದಲೇ.

3. ದೊಡ್ಡ ಊರಿನ ರಂಗಮಂದಿರದಲ್ಲಷ್ಟೇ ಹುಡುಕಬೇಡಿ. ಹವ್ಯಾಸಿ ತಂಡಗಳ ಸ್ಕಾಟಿಷ್ ಕಮ್ಯೂನಿಟಿ ಡ್ರಾಮಾ ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಅದಕ್ಕೂ ಮುಂಚೆ, 1917ರಲ್ಲಿ, ಲಾಂಗ್‌ನಿಡ್ರಿಯಲ್ಲಿ ಸ್ಕಾಟ್ಲೆಂಡಿನ ಗ್ರಾಮೀಣ ಮಹಿಳೆಯರ ಮೊದಲ ಸಂಘ ಶುರುವಾಗಿತ್ತು. ಇಂಥ ತಂಡ, ಸಂಘಗಳ ಏಕಾಂಕ ಸ್ಪರ್ಧೆಗಳಿಗಾಗಿ ಬರೆದವರು, ಆಡಿಸಿದವರು, ಆಡಿದವರಲ್ಲಿ ಹೆಂಗಸರು ಬಹಳ. ಸಾಹಿತ್ಯ ಚರಿತ್ರೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

4. ನಿಮ್ಮ ಕೈಯಲ್ಲಿರುವ ಪಠ್ಯ ಯಾವುದೆಂದು ಕೇಳಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಈನಾ ಲಾಮಾಂಟ್ ಸ್ಟುವರ್ಟ್ (1912–2006) 1942ರ ಚಳಿಗಾಲದಲ್ಲಿ ಒಂದು ನಾಟಕ ನೋಡಿ, ಬೆಡಗಿನ ಉಡುಪು, ಕಾಕ್‌ಟೇಲ್‌ಗಳ ಆ ಲೋಕದ ಮೇಲೆ ಸಿಟ್ಟಾಗಿ ಮನೆಗೆ ಬಂದರು. ರಂಗದ ಮೇಲೆ ಸಾಮಾನ್ಯ ಜನರ ಬದುಕು ಬೇಕು ಎಂದು ತಾವೇ ಬರೆಯಲು ಕೂತರು. ಅವರ ‘ಮೆನ್ ಶುಡ್ ವೀಪ್’ ಅನ್ನು 1947ರಲ್ಲಿ ಗ್ಲಾಸ್ಗೋ ಯೂನಿಟಿ ಥಿಯೇಟರ್ ಆಡಿತು. 1930ರ ದಶಕದ ಗ್ಲಾಸ್ಗೋದ ಬಡವರ ವಠಾರ, ಕೆಲಸವಿಲ್ಲದ ಗಂಡ ಜಾನ್, ಕ್ಷಯ ಹಿಡಿದ ಮಗು ಬರ್ಟಿ, ಎಲ್ಲರನ್ನೂ ಹೊತ್ತು ಸಾಗುವ ಮ್ಯಾಗಿ ಮಾರಿಸನ್. ಆಮೇಲೆ ನಾಟಕ ಮೂವತ್ತು ವರ್ಷಕ್ಕೂ ಮೀರಿ ತೆರೆಮರೆಗೆ ಸರಿಯಿತು. 1982ರಲ್ಲಿ 7:84 ಎಂಬ ನಾಟಕ ತಂಡ ಜೈಲ್ಸ್ ಹ್ಯಾವರ್ಗಲ್ ನಿರ್ದೇಶನದಲ್ಲಿ ಅದನ್ನು ಮತ್ತೆ ರಂಗಕ್ಕೆ ತಂದಾಗ ಕೊನೆಯೇ ಬೇರೆಯಾಗಿತ್ತು. ಮೊದಲ ರೂಪದಲ್ಲಿ ಮ್ಯಾಗಿ ಹೆರಿಗೆಯಲ್ಲಿ ಸಾಯುತ್ತಾಳೆ. 1970ರ ದಶಕದಲ್ಲಿ ಲೇಖಕಿ ತಿದ್ದಿ ಬರೆದದ್ದರಲ್ಲಿ ಅವಳು ಬದುಕುತ್ತಾಳೆ. ಮನೆಬಿಟ್ಟು ಹೋಗಿದ್ದ ಮಗಳು ಜೆನ್ನಿ ತಂದ ಹಣವನ್ನು ಗಂಡ ಹೊಲಸು ಹಣವೆಂದು ಹಳಿದರೂ, ಅವನೆದುರು ನಿಂತು ಅದನ್ನು ಒಪ್ಪಿಕೊಳ್ಳುತ್ತಾಳೆ, ಬರ್ಟಿಗೆ ಗಾಳಿಬೆಳಕಿನ ಮನೆ ಸಿಗಲೆಂದು. ಹೀಗಾಗಿ 1947ರ ಪ್ರೇಕ್ಷಕರು ಕಂಡದ್ದು ಒಂದು ನಾಟಕ, ನಾವು ಓದುವುದು ಇನ್ನೊಂದು. ತಿದ್ದಿದ ಕೊನೆಯೇ ಗಟ್ಟಿ ಎಂದು ನನ್ನ ಅಭಿಪ್ರಾಯ. ಆದರೆ ಅದನ್ನು 1947ರ ದನಿಯೆಂದು ಪಾಠ ಹೇಳುವುದು ಸರಿಯಲ್ಲ.

5. ಜೋಡಿ ಹೆಸರು ಕಂಡಲ್ಲಿ ಕೆಲಸ ಯಾರದೆಂದು ವಿಚಾರಿಸಿ. ಕಾಫ್ಕಾನ ‘ದಿ ಕ್ಯಾಸಲ್’ (1930), ‘ದಿ ಟ್ರಯಲ್’ (1937) ಇಂಗ್ಲಿಷಿಗೆ ಬಂದದ್ದು ವಿಲ್ಲಾ ಮತ್ತು ಎಡ್ವಿನ್ ಮ್ಯೂರ್ ಹೆಸರಿನಲ್ಲಿ. ಜರ್ಮನ್ ಅನುವಾದಗಳ ಬಹುಪಾಲು ತನ್ನದೇ ಎಂದು ವಿಲ್ಲಾ 1953ರ ದಿನಚರಿಯಲ್ಲಿ ನೋವಿನಿಂದ ಬರೆದುಕೊಂಡಿದ್ದಾರೆ. ಸಾರ್ವಜನಿಕವಾಗಿ ಅವರು ಗಂಡನ ಹೆಸರನ್ನು ಬಿಟ್ಟುಕೊಡಲಿಲ್ಲ. ಅವರದೇ ಕಾದಂಬರಿ ‘ಇಮ್ಯಾಜಿನ್ಡ್ ಕಾರ್ನರ್ಸ್’ (1931) ಸಣ್ಣ ಊರಿನ ಮರ್ಯಾದೆ ಹೆಂಗಸರ ಉಸಿರು ಕಟ್ಟಿಸುವ ಬಗೆಯನ್ನು ಹೇಳುವಷ್ಟು ತೀಕ್ಷ್ಣವಾಗಿ ಹೇಳುವ ಆ ಕಾಲದ ಬೇರೆ ಸ್ಕಾಟಿಷ್ ಕಾದಂಬರಿಯನ್ನು ನಾನು ಓದಿಲ್ಲ.

6. ಯಾರಿಗೆ ಸಿಟ್ಟು ಬಂತು ಎಂದು ನೋಡಿ. ಕ್ಯಾಥರೀನ್ ಕಾರ್ಸ್‌ವೆಲ್ 1915ರಲ್ಲಿ ಡಿ. ಎಚ್. ಲಾರೆನ್ಸ್‌ನ ‘ದಿ ರೈನ್‌ಬೋ’ವನ್ನು ವಿಮರ್ಶಿಸಿ ‘ಗ್ಲಾಸ್ಗೋ ಹೆರಾಲ್ಡ್’ನ ಕೆಲಸ ಕಳೆದುಕೊಂಡರು. 1930ರಲ್ಲಿ ರಾಬರ್ಟ್ ಬರ್ನ್ಸ್ ಕವಿಯ ಜೀವನವನ್ನು ಮುಚ್ಚುಮರೆಯಿಲ್ಲದೆ ಬರೆದಾಗ ಯಾರೋ ಅವರಿಗೆ ಅಂಚೆಯಲ್ಲಿ ಗುಂಡು ಕಳಿಸಿದರು. ಅಂಥ ರೋಷದ ಪತ್ರ, ವಿಮರ್ಶೆಗಳು ಹಳೆಯ ಪತ್ರಿಕೆಗಳಲ್ಲಿ ಸಿಗುತ್ತವೆ. ಪುಸ್ತಕ ಎಲ್ಲಿಗೆ ನಾಟಿತ್ತೆಂದು ಹೊಗಳಿಕೆಗಿಂತ ಅವೇ ಚೆನ್ನಾಗಿ ತೋರಿಸುತ್ತವೆ.

7. ಈ ಕೃತಿಗಳಲ್ಲಿ ಬರುವ ಸ್ಕಾಟ್ಸ್ ನುಡಿಯನ್ನು ಗಟ್ಟಿಯಾಗಿ ಓದಿ. ಕಣ್ಣಿಗೆ ತೊಡಕೆನಿಸಿದ್ದು ಕಿವಿಗೆ ತಿಳಿಯುತ್ತದೆ.

8. ಮರುಮುದ್ರಣವಾಯಿತೆಂದು ನಿಶ್ಚಿಂತರಾಗಬೇಡಿ. ಕಾರ್ಸ್‌ವೆಲ್‌ರ ‘ಓಪನ್ ದ ಡೋರ್!’ (1920) ಮತ್ತೆ ಓದುಗರಿಗೆ ಸಿಕ್ಕಿದ್ದು 1986ರಲ್ಲಿ, ವಿರಾಗೊ ಪ್ರಕಾಶನದಿಂದ. ನ್ಯಾನ್ ಶೆಫರ್ಡ್ 1940ರ ದಶಕದಲ್ಲಿ ಬರೆದ ‘ದಿ ಲಿವಿಂಗ್ ಮೌಂಟನ್’ ಅಚ್ಚಾದದ್ದೇ 1977ರಲ್ಲಿ. 2016ರಿಂದ ಅವರ ಚಿತ್ರ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್‌ನ ಐದು ಪೌಂಡ್ ನೋಟಿನ ಮೇಲಿದೆ. ಆದರೂ ‘ದಿ ಕ್ವಾರಿ ವುಡ್’ (1928) ಕಾದಂಬರಿ ಓದಿದವರು ಅಪರೂಪ. ಒಂದೇ ಪುಸ್ತಕ ಪ್ರಸಿದ್ಧವಾಗಿ ಉಳಿದವು ಅದರ ಹಿಂದೆ ಮರೆಯಾಗುವುದೂ ಉಂಟು.

9. ಕನ್ನಡಕ್ಕೆ ತರುವ ಮನಸ್ಸಿದ್ದವರಿಗೆ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. 1946ರಲ್ಲಿ ತೀರಿಕೊಂಡ ಕಾರ್ಸ್‌ವೆಲ್, 1952ರಲ್ಲಿ ತೀರಿಕೊಂಡ ಎಲಿಜಬೆತ್ ಮ್ಯಾಕಿಂಟಾಷ್ ಬದುಕಿದ್ದಾಗ ಪ್ರಕಟಿಸಿದ ಕೃತಿಗಳನ್ನು ಇಲ್ಲಿ ಯಾರೂ ಅನುವಾದಿಸಬಹುದು. ಈನಾ ಸ್ಟುವರ್ಟ್‌ರ ನಾಟಕಕ್ಕೆ ಹಕ್ಕುದಾರರ ಅನುಮತಿ ಬೇಕು. ನಾಟಕ ತಂಡದಲ್ಲಿರುವವರು ದಯವಿಟ್ಟು ಆ ಅನುಮತಿ ಕೇಳಿ. ಮ್ಯಾಗಿಯ ಪಾತ್ರಕ್ಕೆ ನಮ್ಮಲ್ಲಿ ನಟಿಯರಿಗೆ ಕೊರತೆಯಿಲ್ಲ.